ಶಾಲೆಯ ಸಹಲು, ಊರಾಚೆಯ ವಸ್ತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳು ನಕಾಶೆಯಲ್ಲಿ ಬೆಳಗಾವಿ ಜಿಲ್ಲೆಯ ಉತ್ತರದ ಅಂಚಾಗಿ ತೋರುವುವಾದರೂ, ನೀರಿನ ಹಾದಿಯನ್ನು ಹಿಡಿದು ನೋಡುವವನಿಗೆ ಅವು ದೂರದ ಸಹ್ಯಾದ್ರಿಯ ಸೆರಗಾಗಿಯೇ ಕಾಣಿಸುತ್ತವೆ. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಈ ನಾಡಿನೊಳಗೆ ಕಾಲಿಡುವ ಹೊತ್ತಿಗೆ ತುಂಬು ಹೊಳೆಯಾಗಿರುತ್ತಾಳೆ. ಕೊಲ್ಹಾಪುರದ ಕಡೆಯ ಘಟ್ಟದಿಂದ ಇಳಿದು ಬರುವ ವೇದಗಂಗೆಯೂ ದೂಧಗಂಗೆಯೂ ಭೋಜದ ಬಳಿ ಒಂದಾಗಿ, ಮುಂದೆ ಅವಳನ್ನು ಕೂಡಿಕೊಳ್ಳುತ್ತವೆ. ಇಲ್ಲಿನ ಕಬ್ಬು ಬೆಳೆಯುವುದು ಬೇರೆಡೆ ಸುರಿದ ಮಳೆಯಿಂದ. ಅಥಣಿಯ ಪೂರ್ವ ಭಾಗದ ಎರೆಹೊಲಗಳು ಬಿರುಕು ಬಿಟ್ಟು ಬಾಯ್ದೆರೆದಿರುವಾಗಲೂ ಅದೇ ತಾಲೂಕಿನ ದಂಡೆಯ ಹಳ್ಳಿಗಳಲ್ಲಿ ಹೊಳೆ ಉಕ್ಕಿ ಬರುವುದುಂಟು. 2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಜನರನ್ನು ದನಕರುಗಳೊಡನೆ ಮನೆ ಬಿಡಿಸಿದ ಮಹಾಪೂರಗಳ ನೀರು ಬಹುಮಟ್ಟಿಗೆ ಘಟ್ಟದ ಮೇಲೆ ಬಿದ್ದ ಮಳೆಯದೇ ಆಗಿದ್ದಿತು. ಇಂತಹ ನಾಡಿನಲ್ಲಿ ಹುಟ್ಟಿದ ಮಗುವು ತನ್ನ ಊರನ್ನು ಅರಿಯಬೇಕಾದರೆ ಊರನ್ನು ಬಿಟ್ಟು ಹೋಗಲೇಬೇಕು. ಹೋಗಿ, ನೋಡಿ, ಅಂದೇ ಸಂಜೆ ಮರಳಿದರೆ ಸಾಲದು, ಅಲ್ಲಿ ವಸ್ತಿ ಇದ್ದು ಬರಬೇಕು. ಶಾಲೆಯ ಸಹಲು ಎಂಬ ಪದ್ಧತಿಯು ಈ ಸೀಮೆಯಲ್ಲಿ ಹೇಗೆ ಹುಟ್ಟಿತು, ಯಾವುದನ್ನು ಗಳಿಸಿತು, ಯಾವುದನ್ನು ಕಳೆದುಕೊಂಡಿತು ಎಂಬುದನ್ನು ವಿಚಾರಿಸಿದಲ್ಲಿ ಈ ಮಾತಿನ ಸತ್ಯವು ತಾನಾಗಿಯೇ ಸ್ಪಷ್ಟವಾಗುವುದು.

ಶಾಲೆಗಳು ಬರುವುದಕ್ಕೆ ಬಹು ಹಿಂದಿನಿಂದಲೂ ಇಲ್ಲಿನ ಮಕ್ಕಳಿಗೆ ಊರಾಚೆಯ ವಸ್ತಿ ಹೊಸದಾಗಿರಲಿಲ್ಲ. ಮಾಘ ಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ, ಯಡೂರಿನ ವೀರಭದ್ರನ ಸನ್ನಿಧಿಗೆ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಹೊರಡುತ್ತಿದ್ದ ಚಕ್ಕಡಿಗಳಲ್ಲಿ ಮುದುಕರಷ್ಟೇ ಮಕ್ಕಳೂ ಇರುತ್ತಿದ್ದರು; ಪಂಢರಪುರದ ದಿಂಡಿಯೊಡನೆ ನಡೆದು ಹೋದವರ ಹೆಗಲ ಮೇಲೆಯೂ ಕೂಸುಗಳಿದ್ದುವು. ಆ ಪ್ರಯಾಣಕ್ಕೆ ಮನೆಯವರು ಮಾಡುತ್ತಿದ್ದ ಸಿದ್ಧತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೆಡದೆ ನಾಲ್ಕಾರು ದಿನ ಬಾಳುವ ಕಟಕ ರೊಟ್ಟಿಯನ್ನು ಬಡಿದು, ಶೇಂಗಾ ಹಿಂಡಿಯನ್ನು ಕುಟ್ಟಿ, ಬಟ್ಟೆಯಲ್ಲಿ ಬಿಗಿದು ಬುತ್ತಿ ಕಟ್ಟುವುದು. ಎತ್ತುಗಳ ಕಾಲಿಗೆ ನಾಲು ಕಟ್ಟಿಸಿ, ಗಾಲಿಯ ಅಚ್ಚಿಗೆ ಎಣ್ಣೆ ಹಾಕಿ, ಹೊಟ್ಟು ಕಣಿಕೆಗಳನ್ನು ಚಕ್ಕಡಿಯ ಹಿಂದಕ್ಕೆ ಹೇರುವುದು. ಯಾವ ಹಳ್ಳದಲ್ಲಿ ನೀರಿದೆ, ಯಾವ ಊರ ಹೊರಗಿನ ಆಲದ ಕೆಳಗೆ ಕೊಳ್ಳು ಹರಿಯುವುದು ಕ್ಷೇಮ ಎಂಬುದನ್ನು ಹೋದ ವರ್ಷ ಹೋಗಿ ಬಂದವರಿಂದ ಕೇಳಿ ತಿಳಿಯುವುದು. ಇವೆಲ್ಲ ಕಾರ್ಯಗಳಲ್ಲಿ ಮಕ್ಕಳಿಗೂ ತಕ್ಕ ಪಾಲು ಇರುತ್ತಿದ್ದಿತು. ದಾರಿಯಲ್ಲಿ ಮಣ್ಣಿನ ಬಣ್ಣ ಬದಲಾಗುವುದನ್ನು, ಬೆಳೆ ಬದಲಾಗುವುದನ್ನು, ಮಾತಿನ ಧಾಟಿ ಬದಲಾಗುವುದನ್ನು ಅವರು ಪಾಠವೆಂದು ತಿಳಿಯದೆಯೇ ಕಲಿತರು. ಭಕ್ತಿಯು ಆ ಯಾತ್ರೆಯ ಉದ್ದೇಶವಾಗಿದ್ದುದು ನಿಜ. ಆದರೆ ನಿಧಾನಗತಿಯೂ ರಾತ್ರಿಯ ವಸ್ತಿಯೂ ಅದಕ್ಕೆ ಒಂದು ವಿದ್ಯೆಯ ಗುಣವನ್ನು ತಂದುಕೊಟ್ಟಿದ್ದುವೆಂಬುದನ್ನು ಅಲ್ಲಗಳೆಯಲಾಗದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಇಲಾಖೆಯ ಕನ್ನಡ ಶಾಲೆಗಳು ಈ ಪ್ರದೇಶಕ್ಕೆ ಬಂದುವು. ಡೆಪ್ಯುಟಿ ಚನ್ನಬಸಪ್ಪನವರಂತಹ ಮಹನೀಯರ ಪ್ರಯತ್ನದಿಂದ ಮರಾಠಿಯ ನೆರಳಿನಲ್ಲಿ ಬಾಡುತ್ತಿದ್ದ ಕನ್ನಡಕ್ಕೆ ಶಾಲೆಯೊಳಗೆ ಸ್ಥಾನ ದೊರೆಯಿತು. 1865ರಲ್ಲಿ ಬೆಳಗಾವಿಯಿಂದ ಹೊರಟ ‘ಮಠಪತ್ರಿಕೆ’ಯು ಹಳ್ಳಿಯ ಮಾಸ್ತರರಿಗೆ ಬೋಧನೆಯ ಹೊಸ ಕ್ರಮಗಳನ್ನು ತಿಳಿಸತೊಡಗಿತು, ಮುಂದೆ ಅದೇ ‘ಜೀವನ ಶಿಕ್ಷಣ’ವೆಂಬ ಹೆಸರಿನಿಂದ ಧಾರವಾಡದಲ್ಲಿ ಬಾಳಿತು. ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ನೇರ ಆಡಳಿತದಲ್ಲಿದ್ದರೆ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗುವಂತೆ ಮಾಡಿದರು. ಮುಂಬಯಿ ಇಲಾಖೆಯಲ್ಲಿ 1923ರ ಪ್ರಾಥಮಿಕ ಶಿಕ್ಷಣ ಕಾಯಿದೆಯ ತರುವಾಯ ಶಾಲೆಗಳು ಸ್ಥಳೀಯ ಮಂಡಳಿಗಳ ಕೈಗೆ ಬಂದುವು. ಹೀಗೆ ಶಾಲೆಗಳು ಹೆಚ್ಚಿದುವು, ಮಕ್ಕಳು ಹೆಚ್ಚಿದರು. ಆದರೆ ವಿದ್ಯೆಯು ನಾಲ್ಕು ಗೋಡೆಗಳ ನಡುವೆ, ಪಾಟಿ ಪೆನ್ಸಿಲುಗಳ ಮೇರೆಯೊಳಗೆ ನೆಲಸಿತು.

ಆ ಕಾಲದಲ್ಲಿ ಶಾಲೆಯು ತಾನಾಗಿ ಮಕ್ಕಳನ್ನು ಊರಾಚೆಗೆ ಒಯ್ದು ವಸ್ತಿ ಇರಿಸಿದ ಮುಖ್ಯ ಸಂದರ್ಭವೆಂದರೆ ಮುಲ್ಕಿ ಪರೀಕ್ಷೆಯದು. ಏಳನೆಯ ಇಯತ್ತೆಯ ಹುಡುಗರನ್ನು ಕರೆದುಕೊಂಡು ಮಾಸ್ತರರು ಪರೀಕ್ಷೆಯ ಕೇಂದ್ರವಿದ್ದ ಊರಿಗೆ ಚಕ್ಕಡಿಯಲ್ಲಿಯೋ ಕಾಲ್ನಡಿಗೆಯಲ್ಲಿಯೋ ಹೋಗಿ, ಮಠದಲ್ಲಿಯೋ ಧರ್ಮಶಾಲೆಯಲ್ಲಿಯೋ ಇಳಿದುಕೊಂಡು, ತಾವೇ ಅಡಿಗೆ ಮಾಡಿಸಿ ಉಣಬಡಿಸಿ, ಕಂದೀಲಿನ ಬೆಳಕಿನಲ್ಲಿ ಪಾಠಗಳನ್ನು ತಿರುವಿಹಾಕಿಸುತ್ತಿದ್ದರು. ಗುರುಶಿಷ್ಯರು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪಡಸಾಲೆಯಲ್ಲಿ ಮಲಗಿದ ಆ ದಿನಗಳನ್ನು ಹಳೆಯ ತಲೆಮಾರಿನವರು ಪರೀಕ್ಷೆಯ ಪ್ರಶ್ನೆಗಳನ್ನು ಮರೆತ ಮೇಲೂ ಮರೆಯಲಿಲ್ಲ. ಮನೆಯಿಂದ ದೂರವಿರುವ ರಾತ್ರಿಯಲ್ಲಿ ಮಗುವಿನ ಮನಸ್ಸು ಎಷ್ಟು ಎಚ್ಚತ್ತಿರುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಆ ಎಚ್ಚರವು ಪುಸ್ತಕದ ಪಾಲಾಯಿತಲ್ಲದೆ ಸೃಷ್ಟಿಯ ಪಾಲಾಗಲಿಲ್ಲ.

ಇದೇ ಕಾಲದಲ್ಲಿ ಇದೇ ನೆಲವನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಇರಲಿಲ್ಲವೆಂದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನು ಈ ಸೀಮೆಯ ಬಂಡೆಗಳನ್ನೂ ಹಳ್ಳಗಳನ್ನೂ ತಿರುಗಿ ನೋಡಿ, ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತ ತನ್ನ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದನು. ಅದಕ್ಕೂ ಎರಡು ವರ್ಷ ಮೊದಲು, ಗೋಕಾಕದ ಸಮೀಪದ ಹಳ್ಳಿಯೊಂದರ ಬಳಿ ದೊರೆತ ಘೇಂಡಾಮೃಗದ ಅಸ್ಥಿಗಳನ್ನು ವರ್ಣಿಸಿ, ಆ ಪ್ರಾಣಿಗೆ ದಖ್ಖನದ ಹೆಸರನ್ನೇ ಇಟ್ಟನು. ಇಂದು ಕುರಿಗಳು ಮೇಯುವ ಈ ಬಯಲಿನಲ್ಲಿ ಒಂದಾನೊಂದು ಕಾಲದಲ್ಲಿ ಘೇಂಡಾಮೃಗವು ತಿರುಗಾಡಿತ್ತೆಂಬುದಕ್ಕಿಂತ ಬೆರಗಿನ ಸಂಗತಿಯನ್ನು ಯಾವ ಕಥೆಯು ಮಗುವಿಗೆ ಹೇಳಬಲ್ಲುದು? ಬಟ್ಲರ್ ಎಂಬ ಸೈನ್ಯಾಧಿಕಾರಿಯು ದಖ್ಖನ ಹಾಗೂ ದಕ್ಷಿಣ ಮರಾಠಾ ಪ್ರದೇಶದ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ ‘ಸ್ಟ್ರೇ ಫೆದರ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಈ ಜ್ಞಾನವೆಲ್ಲವೂ ಇಂಗ್ಲಿಷಿನ ಗ್ರಂಥಗಳಲ್ಲಿ ಶೇಖರವಾಯಿತು. ಆ ಹಕ್ಕಿಗಳನ್ನು ದಿನವೂ ಕವಣೆ ಬೀಸಿ ಹೊಲದಿಂದ ಅಟ್ಟುತ್ತಿದ್ದ ಹುಡುಗರ ಶಾಲೆಯನ್ನು ಅದು ತಲುಪಲಿಲ್ಲ.

ಇಪ್ಪತ್ತನೆಯ ಶತಮಾನವು ಮುಂದುವರಿದಂತೆ ಗಾಳಿ ಬದಲಾಯಿತು. 1901ರಲ್ಲಿ ರವೀಂದ್ರರು ಶಾಂತಿನಿಕೇತನದಲ್ಲಿ ಮರದ ನೆರಳನ್ನೇ ಪಾಠಶಾಲೆಯನ್ನಾಗಿ ಮಾಡಿದರು. 1937ರಲ್ಲಿ ವರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ವಿಚಾರವು ಕೈಕೆಲಸವನ್ನೂ ಸುತ್ತಣ ಬದುಕನ್ನೂ ವಿದ್ಯೆಯ ಕೇಂದ್ರಕ್ಕೆ ತಂದಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಆಟ, ನಾಟಕ, ನಿಸರ್ಗಗಳ ನಡುವೆ ಬೆಳೆಸುವ ಪ್ರಯೋಗವನ್ನು ನಡೆಸುತ್ತ, ‘ಬಾಲಪ್ರಪಂಚ’ದ ಮೂರು ಸಂಪುಟಗಳಲ್ಲಿ ಲೋಕದ ಸಮಸ್ತ ವಿಷಯಗಳನ್ನು ಕನ್ನಡದ ಮಕ್ಕಳ ಮುಂದಿಟ್ಟರು. ನಮ್ಮ ಸೀಮೆಗೆ ಹತ್ತಿರದವರಾದ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸೇವಾದಳವು ರಾಷ್ಟ್ರಕಾರ್ಯಕ್ಕಾಗಿ ಹುಟ್ಟಿದುದಾದರೂ, ಶಿಬಿರವೆಂಬ ಸಂಸ್ಥೆಯನ್ನು ಇಲ್ಲಿನ ತರುಣರಿಗೆ ಪರಿಚಯ ಮಾಡಿಸಿತು: ನಸುಕಿನಲ್ಲಿ ಏಳುವುದು, ಸಾಲಾಗಿ ನಿಲ್ಲುವುದು, ತನ್ನ ತಾಟನ್ನು ತಾನೇ ತೊಳೆಯುವುದು, ಜಾತಿಯನ್ನು ಕೇಳದೆ ಪಕ್ಕದಲ್ಲಿ ಕುಳಿತು ಉಣ್ಣುವುದು. ಶೇಡಬಾಳದಲ್ಲಿ ಹುಟ್ಟಿ, ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ಬಾಳಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ವನ್ನೂ ‘ರಾಮಣ್ಣ ಮಾಸ್ತರು’ ಎಂಬ ಕಾದಂಬರಿಯನ್ನೂ ಬರೆದುದನ್ನು ಇಲ್ಲಿ ನೆನೆಯಬೇಕು. ಕೃಷ್ಣೆಯ ದಂಡೆಯ ರೈತನ ಬಾಳನ್ನೂ ಶಾಲೆಯ ಗುರುವಿನ ಬಾಳನ್ನೂ ಒಂದೇ ಲೇಖನಿಯು ಚಿತ್ರಿಸಿದುದು ಆಕಸ್ಮಿಕವಲ್ಲ.

ರೈಲು ಮತ್ತು ಮೋಟಾರುಗಳು ಈ ಪದ್ಧತಿಯ ಸ್ವರೂಪವನ್ನು ಬದಲಿಸಿದುವು. ಮೀರಜದಿಂದ ಬೆಳಗಾವಿಗೆ ಹೋಗುವ ರೈಲುದಾರಿಯು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾಗಳನ್ನು ಒಂದೇ ಎಳೆಯಲ್ಲಿ ಪೋಣಿಸಿದ ಮೇಲೆ, ಹಿಂದೆ ದಿನಗಟ್ಟಲೆ ಹಿಡಿಯುತ್ತಿದ್ದ ಗೋಕಾಕ ಜಲಪಾತವು ಕೆಲವು ತಾಸುಗಳ ದಾರಿಯಾಯಿತು. 1956ರ ಏಕೀಕರಣದ ತರುವಾಯ ರಸ್ತೆಗಳು ಕೂಡಿಬಂದು, ಸಾರಿಗೆಯ ಕೆಂಪು ಬಸ್ಸು ಹಳ್ಳಿಹಳ್ಳಿಯನ್ನು ಮುಟ್ಟಿತು. ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ ಸಹಲಿಗೆ ಹೋಗುವುದು ರೂಢಿಯಾಯಿತು. ಪನ್ಹಾಳಗಡ, ಜೋತಿಬಾ, ಕೊಲ್ಹಾಪುರದ ಮಹಾಲಕ್ಷ್ಮಿ, ನರಸೋಬಾವಾಡಿ, ಹೊಳೆಯಾಚೆಯ ಖಿದ್ರಾಪುರದ ಕೋಪೇಶ್ವರ ಇವು ಒಂದು ದಿಕ್ಕಿನವು. ಬಾದಾಮಿ, ಐಹೊಳೆ, ವಿಜಾಪುರ, ಹಂಪೆಗಳು ಇನ್ನೊಂದು ದಿಕ್ಕಿನವು. ರಾಜ್ಯಗಳ ಗಡಿ ಯಾವುದೇ ಇರಲಿ, ಕನ್ನಡ ಶಾಲೆಯ ಮಕ್ಕಳೂ ಮರಾಠಿ ಶಾಲೆಯ ಮಕ್ಕಳೂ ಒಂದೇ ಅಂಗಳದಲ್ಲಿ ಬುತ್ತಿ ಬಿಚ್ಚಿದರು. ಇದು ಈ ಗಡಿನಾಡಿನ ಸಹಲಿನ ಒಂದು ಪುಣ್ಯವೇ ಸರಿ. ಇತಿಹಾಸದ ಪಾಠಕ್ಕೆ ಅದರಿಂದ ಆದ ಉಪಕಾರವು ಅಲ್ಪವಲ್ಲ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ಕಂಡ ಹುಡುಗನಿಗೆ ಆದಿಲಶಾಹಿಯು ಬರಿಯ ಇಸವಿಗಳ ಪಟ್ಟಿಯಾಗಿ ಉಳಿಯಲಾರದು.

ಆದರೆ ವೇಗದೊಡನೆ ಒಂದು ನಷ್ಟವೂ ಬಂದಿತು. ಒಂದೇ ದಿನದಲ್ಲಿ ಆರು ಸ್ಥಳ, ಎರಡು ದಿನದಲ್ಲಿ ಹನ್ನೆರಡು ಸ್ಥಳ ಎಂಬ ಎಣಿಕೆಯೇ ಸಹಲಿನ ಹೆಚ್ಚುಗಾರಿಕೆಯಾಯಿತು. ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸುತ್ತ ಸಾಗಿ, ಹಗಲು ಅರ್ಧ ನಿದ್ದೆಯಲ್ಲಿ ಗುಡಿಗೋಪುರಗಳನ್ನು ಸುತ್ತಿ, ಉಳಿದ ಹಣದಲ್ಲಿ ಆಟಿಕೆ ಕೊಂಡು ಮರಳುವುದು ಪದ್ಧತಿಯಾಯಿತು. ವಿಜ್ಞಾನಕ್ಕೆ ಅದರಲ್ಲಿ ಸ್ಥಾನವೇ ಇರಲಿಲ್ಲವೆನ್ನಲಾಗದು. ಉಗಾರದ ಸಕ್ಕರೆ ಕಾರ್ಖಾನೆ, ಹಿಡಕಲ್ ಜಲಾಶಯ, ಬೆಂಗಳೂರಿಗೆ ಹೋದವರಿಗೆ 1962ರಲ್ಲಿ ಉದ್ಘಾಟನೆಗೊಂಡ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಈಚೆಗೆ ಧಾರವಾಡದ ವಿಜ್ಞಾನ ಕೇಂದ್ರ ಇವೆಲ್ಲವೂ ದಾರಿಯಲ್ಲಿ ಬಂದುವು. ಅಲ್ಲೆಲ್ಲ ಮಗುವು ಇತರರು ಮಾಡಿಟ್ಟುದನ್ನು ನೋಡಿತಲ್ಲದೆ ತಾನಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಜಾತ್ರೆಯ ಚಕ್ಕಡಿಯಲ್ಲಿದ್ದ ನಿಧಾನ, ಮುಲ್ಕಿ ಪರೀಕ್ಷೆಯ ರಾತ್ರಿಯಲ್ಲಿದ್ದ ಗುರುಸಾನ್ನಿಧ್ಯ ಇವೆರಡೂ ಸಹಲಿನಿಂದ ಜಾರಿಹೋದುವು.

ಹೊರನಾಡುಗಳಲ್ಲಿ ಇದೇ ಕೊರತೆಯನ್ನು ಮನಗಂಡವರು ಬೇರೊಂದು ದಾರಿಯನ್ನು ಹಿಡಿದಿದ್ದರು. ಮಹಾಯುದ್ಧದ ಕಷ್ಟಕಾಲದಲ್ಲಿಯೇ, 1943ರಲ್ಲಿ, ಬ್ರಿಟನ್ನಿನಲ್ಲಿ ಕ್ಷೇತ್ರಾಧ್ಯಯನಕ್ಕೆಂದು ಒಂದು ಮಂಡಳಿಯು ಹುಟ್ಟಿತು. 1946ರಲ್ಲಿ ಫ್ಲ್ಯಾಟ್‌ಫರ್ಡ್ ಎಂಬಲ್ಲಿಯ ಹಳೆಯ ಹಿಟ್ಟಿನ ಗಿರಣಿಯನ್ನು ಅದು ವಿದ್ಯಾರ್ಥಿಗಳು ತಂಗಿ, ಹೊಳೆಯನ್ನೂ ಗದ್ದೆಯನ್ನೂ ಅಭ್ಯಸಿಸುವ ಕೇಂದ್ರವನ್ನಾಗಿ ಮಾಡಿತು. ನಮ್ಮ ನಾಡಿನಲ್ಲಿ ಆ ಎಚ್ಚರವು ಕ್ರಮೇಣ ಬಂದಿತು. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆಯೂ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಹುಟ್ಟಿ ವಿಜ್ಞಾನವನ್ನು ಕನ್ನಡದಲ್ಲಿ ಹಳ್ಳಿಗೆ ಒಯ್ದುವು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರದ ಅಧ್ಯಯನವನ್ನು ವಿದ್ಯಾಭ್ಯಾಸದ ಅಂಗವಾಗಿಸಬೇಕೆಂದು ಆದೇಶವಿತ್ತಿತು. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶವು ತಮ್ಮ ಊರಿನ ಸಮಸ್ಯೆಯನ್ನೇ ಆರಿಸಿಕೊಂಡು ಶೋಧಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಿತು. ತರುವಾಯ ಅರಣ್ಯ ಇಲಾಖೆಯು ‘ಚಿಣ್ಣರ ವನದರ್ಶನ’ವೆಂಬ ಯೋಜನೆಯಲ್ಲಿ ಸರಕಾರಿ ಶಾಲೆಯ ಮಕ್ಕಳನ್ನು ಅಡವಿಗೆ ಕರೆದೊಯ್ದು, ಅಲ್ಲಿಯೇ ತಂಗಿಸಿ, ಗಿಡಮರ ಪ್ರಾಣಿಪಕ್ಷಿಗಳ ಪರಿಚಯ ಮಾಡಿಸತೊಡಗಿತು. ಊರಾಚೆಯ ವಸ್ತಿಯು ಹೀಗೆ ಮತ್ತೊಮ್ಮೆ ವಿದ್ಯೆಯೊಳಗೆ ಪ್ರವೇಶಿಸಿತು. ಈ ಬಾರಿ ವಿಜ್ಞಾನದ ಕೈಹಿಡಿದು.

ಇನ್ನು ಈ ಐದು ತಾಲೂಕುಗಳ ಶಾಲೆಯೊಂದು ಇಂತಹ ವಿಜ್ಞಾನ ಶಿಬಿರವನ್ನು ಯೋಜಿಸುವುದಾದರೆ ಹೇಗೆ ಯೋಜಿಸಬೇಕೆಂಬುದನ್ನು, ಈ ಇತಿಹಾಸದ ಪಾಠವನ್ನು ಮುಂದಿಟ್ಟುಕೊಂಡೇ ವಿಚಾರಿಸಬಹುದು. ಸ್ಥಳವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಿಕ್ಕೋಡಿಯ ಹೊಲದಲ್ಲಿ ದೊರೆಯುವುದು ಕರಿಕಲ್ಲು. ಆರು ಕೋಟಿ ವರ್ಷಗಳಿಗೂ ಹಿಂದೆ ನೆಲವು ಸೀಳಿ ಉಕ್ಕಿಹರಿದ ಲಾವಾರಸವು ಹೆಪ್ಪುಗಟ್ಟಿದ ಕಲ್ಲು ಅದು, ಅದರ ಪುಡಿಯೇ ನಮ್ಮ ಎರೆಮಣ್ಣು. ದಕ್ಷಿಣಕ್ಕೆ ಗೋಕಾಕವನ್ನು ಮುಟ್ಟುವಷ್ಟರಲ್ಲಿ ಆ ಕರಿಕಲ್ಲಿನ ಹೊದಿಕೆಯು ಮುಗಿದು, ಕೆಂಪುಛಾಯೆಯ ಮರಳುಗಲ್ಲು ಮೇಲೆದ್ದು ನಿಲ್ಲುತ್ತದೆ. ಘಟಪ್ರಭೆಯು ನೂರೆಪ್ಪತ್ತು ಅಡಿ ಧುಮುಕುವುದು ಆ ಬಂಡೆಯ ಮೇಲಿಂದಲೇ. ಬೇಸಿಗೆಯಲ್ಲಿ ಯಡೂರಿನ ಬಳಿ ಹೊಳೆ ಇಳಿದಾಗ ಒದ್ದೆ ಮರಳಿನ ಮೇಲೆ ನೀರು ಮೂಡಿಸಿದ ಸಾಲುಸಾಲು ಅಲೆಗೆರೆಗಳನ್ನು ಬರಿಗಾಲಿನಿಂದ ತುಳಿದು ಬಲ್ಲ ಮಗುವನ್ನು, ಈ ಮರಳುಗಲ್ಲಿನ ಹಾಸಿನ ಮೇಲೆ ಕೂರಿಸಿ, ಕಲ್ಲಿನಲ್ಲಿ ಅಚ್ಚೊತ್ತಿ ಉಳಿದಿರುವ ಅವೇ ಅಲೆಗೆರೆಗಳ ಮೇಲೆ ಬೆರಳಾಡಿಸಲು ಬಿಡಬೇಕು. ಇಲ್ಲಿ ಹಿಂದೆ ನೀರಿದ್ದಿತೆಂದು ಗುರುವು ಹೇಳಬೇಕಾಗಿಲ್ಲ; ನೂರು ಕೋಟಿ ವರ್ಷಗಳ ಹಿಂದಿನ ಆಳವಿಲ್ಲದ ಸಮುದ್ರವೊಂದನ್ನು ಮಗುವು ತನ್ನ ಅನುಭವದ ಬಲದಿಂದಲೇ ಊಹಿಸುವುದು. ವಿಜ್ಞಾನವೆಂಬುದು ಇದೇ.

ಅದಕ್ಕೆ ಸಮೀಪದಲ್ಲಿಯೇ ಧೂಪದಾಳದ ಒಡ್ಡಿನ ಹಿನ್ನೀರು 1974ರಿಂದ ಪಕ್ಷಿಧಾಮವಾಗಿದೆ. ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಬರುವ ಕರ್ಕರ ಕೊಕ್ಕರೆಗಳನ್ನೂ ಯುರೋಪಿನ ಬಿಳಿ ಕೊಕ್ಕರೆಗಳನ್ನೂ ಚಳಿಗಾಲದಲ್ಲಿ ಅಲ್ಲಿ ಕಾಣಬಹುದು. ಆದರೆ ಅವು ನಸುಕಿನಲ್ಲಿ ಹೊಲಗಳಿಗೆ ಹಾರುವುದನ್ನು ನೋಡಬೇಕಾದರೆ ಹಿಂದಿನ ರಾತ್ರಿ ಅಲ್ಲಿಯೇ ಇರಬೇಕು. ನೈಋತ್ಯಕ್ಕೆ ಹೋದರೆ ಖಾನಾಪುರ ತಾಲೂಕಿನ ಭೀಮಗಡದ ಅಭಯಾರಣ್ಯವಿದೆ. ಮಹದಾಯಿಯು ಆ ಕಾಡಿನಲ್ಲಿ, ಮಲಪ್ರಭೆಯು ಹತ್ತಿರದ ಕಣಕುಂಬಿಯಲ್ಲಿ ಹುಟ್ಟುತ್ತವೆ. ಭೀಮಗಡದ ಬಾರಾಪೇಡೆಯ ಗುಹೆಯಿಂದ ಲೋಕಕ್ಕೆ ಮೊದಲು ಪರಿಚಯವಾದ ಅಪೂರ್ವ ಬಾವಲಿಯೊಂದನ್ನು ವಿಜ್ಞಾನಿಗಳು 1913ರಲ್ಲಿ ವರ್ಣಿಸಿದರು. ಮಳೆಯ ನೆರಳಿನ ನಾಡಿನ ಮಗುವು ಮಳೆಯ ತವರನ್ನು ಕಾಣುವುದು ಇಲ್ಲಿ.

ರಾತ್ರಿಗೆ ಅದರದೇ ಆದ ಪಾಠವಿದೆ. ನಮ್ಮ ರೈತರ ಮಕ್ಕಳೆಲ್ಲರೂ ಮಿರಗದ ಮಳೆಯ ಹೆಸರನ್ನು ಬಲ್ಲರು. ಮಿರಗ ಕೂಡಿದ ಮೇಲೆ ಬಿತ್ತಿಗೆಯೆಂಬುದನ್ನೂ ಬಲ್ಲರು. ಆದರೆ ಆ ಮಳೆಗೆ ಹೆಸರು ಕೊಟ್ಟ ಮೃಗಶಿರೆಯ ನಕ್ಷತ್ರವನ್ನು ಕಂಡವರು ವಿರಳ. ಡಿಸೆಂಬರಿನ ಶಿಬಿರದಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಅದು ಪೂರ್ವದಲ್ಲಿ ಮೇಲೇರುವುದನ್ನೂ ಅದರ ಬಳಿ ಕೆಂಪಗೆ ಉರಿಯುವ ಆರಿದ್ರೆಯನ್ನೂ ತೋರಿಸಿ, ಜೂನಿನಲ್ಲಿ, ಅದರ ಮಳೆಯ ದಿನಗಳಲ್ಲಿಯೇ, ಈ ನಕ್ಷತ್ರವು ರಾತ್ರಿ ಏಕೆ ಕಾಣದು ಎಂದು ಕೇಳಬೇಕು. ಆಗ ಸೂರ್ಯನೇ ಆ ನಕ್ಷತ್ರದ ಬಳಿ ಇರುವನೆಂಬ, ಆದುದರಿಂದಲೇ ಆ ಮಳೆಗೆ ಆ ಹೆಸರೆಂಬ ಉತ್ತರವನ್ನು ಮಕ್ಕ‌ಳು ತಾವೇ ಚರ್ಚಿಸಿ ಮುಟ್ಟಿದರೆ, ಅಜ್ಜನ ಪಂಚಾಂಗವೂ ಶಾಲೆಯ ಖಗೋಳವೂ ಒಂದೇ ಆಕಾಶದ ಮಾತುಗಳೆಂಬುದು ಅವರಿಗೆ ಮನದಟ್ಟಾಗುವುದು. ಸಂಜೆಗೆ ಮರಳುವ ಸಹಲಿಗೆ ಈ ಪಾಠವು ಎಂದೂ ದಕ್ಕದು.

ಯೋಜನೆಯ ಲೌಕಿಕ ಭಾಗವನ್ನು ಹಗುರಾಗಿ ತಿಳಿಯಬಾರದು. ಇಲಾಖೆಯ ಅನುಮತಿ, ತಂದೆತಾಯಿಗಳ ಒಪ್ಪಿಗೆಪತ್ರ, ಸಾರಿಗೆ ಸಂಸ್ಥೆಯ ಒಪ್ಪಂದದ ಬಸ್ಸು, ರಾತ್ರಿಯ ಪ್ರಯಾಣದ ವರ್ಜನೆ, ಔಷಧದ ಪೆಟ್ಟಿಗೆ, ನೀರಿಗಿಳಿಯದಂತೆ ಕಾವಲು ಇವು ಯಾವುವೂ ಬರಿಯ ಕಾಗದದ ಕಾಟಾಚಾರಗಳಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿರುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗಿಂತ ಮೊದಲು ಗುರುಗಳು ಆ ಸ್ಥಳಕ್ಕೆ ಹೋಗಿ ತಂಗಿ ಬಂದಿರಬೇಕು. ಬುತ್ತಿ ಕಟ್ಟುವುದರಿಂದ ಹಿಡಿದು ಟಿಪ್ಪಣಿಯ ವಹಿಯನ್ನು ಹೊಲಿಯುವವರೆಗೆ ಸಿದ್ಧತೆಯಲ್ಲಿ ಮಕ್ಕಳ ಕೈ ಇರಬೇಕು. ಹೊರಡುವ ಮೊದಲೇ ತಮ್ಮ ಊರಿನ ಕಲ್ಲು, ಹಕ್ಕಿ, ಬಾವಿಯ ನೀರಿನ ಮಟ್ಟಗಳನ್ನು ಅವರು ಬರೆದಿಟ್ಟುಕೊಂಡಿರಬೇಕು, ಏಕೆಂದರೆ ಹೋಲಿಸಲು ತನ್ನದೊಂದಿಲ್ಲದವನಿಗೆ ಹೊಸದನ್ನು ಕಂಡೂ ಕಾಣಲಾಗದು.

ವೆಚ್ಚದ ಪ್ರಶ್ನೆಯೂ ಹೆಣ್ಣುಮಕ್ಕಳ ಪ್ರಶ್ನೆಯೂ ಎಲ್ಲಕ್ಕಿಂತ ದೊಡ್ಡವು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯ ಮಗಳೂ, ಕಬ್ಬು ಕಡಿಯುವ ಟೋಳಿಯೊಡನೆ ಅಲೆಯುವ ತಂದೆಯ ಮಗನೂ ಹಿಂದುಳಿದರೆ ಆ ಶಿಬಿರವು ಉಳ್ಳವರ ವಿಹಾರವಾಗುವುದು. “ಅಕ್ಕೋರ, ಹೆಣ್ಣ ಹುಡುಗಿ ಎರಡ ರಾತ್ರಿ ವಸ್ತಿ ಹ್ಯಾಂಗ ಇರತಾಳ್ರಿ?” ಎಂದು ತಾಯಿಯೊಬ್ಬಳು ಕೇಳಿದರೆ ಅದು ಅಜ್ಞಾನದ ಮಾತಲ್ಲ, ಕಕ್ಕುಲತೆಯ ಮಾತು, ಅದಕ್ಕೆ ಉತ್ತರವು ಸುತ್ತೋಲೆಯಲ್ಲಿ ದೊರೆಯದು. ಆ ಅಕ್ಕೋರು ಮನೆಗೆ ಹೋಗಿ, ಪಡಸಾಲೆಯಲ್ಲಿ ಕುಳಿತು, ಎಲ್ಲಿ ಮಲಗಿಸುವೆವು, ಯಾರು ಜತೆಗಿರುವರು ಎಂದು ವಿವರಿಸಿ, ಸಾಧ್ಯವಾದರೆ ತಾಯಂದಿರಲ್ಲಿ ಇಬ್ಬರನ್ನು ಶಿಬಿರಕ್ಕೇ ಕರೆದೊಯ್ಯಬೇಕು. ಎಲ್ಲಮ್ಮನ ಗುಡ್ಡಕ್ಕೆ ಮಗಳನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗಿ ಬಯಲಿನಲ್ಲಿ ಮಲಗಿಸಿದ ಸಂಪ್ರದಾಯದವರೇ ಅವರು. ವಿಶ್ವಾಸವೊಂದು ಕುದುರಿದರೆ ಅವರು ಹಿಂಜರಿಯಲಾರರು.

ಹಿಂದಿನವರು ದೇವರಿಗಾಗಿ ಮನೆ ಬಿಟ್ಟು ತಂಗಿದರು. ನಡುವಿನವರು ಪರೀಕ್ಷೆಗಾಗಿ ತಂಗಿದರು. ನಮ್ಮ ಮಕ್ಕಳು ತಾವು ಬಾಳುವ ನೆಲವನ್ನು ಅರಿಯುವುದಕ್ಕಾಗಿ ತಂಗಬೇಕಾದ ಕಾಲವು ಬಂದಿದೆ. ಘಟ್ಟದ ಕಾಡು ತೆಳುವಾದರೆ ತಮ್ಮ ಊರಿನ ಹೊಳೆಗೆ ಏನಾಗುವುದು, ಮೇಲಣ ಜಲಾಶಯದ ಬಾಗಿಲು ತೆರೆದರೆ ತಮ್ಮ ದಂಡೆಗೆ ನೀರು ಎಷ್ಟು ಹೊತ್ತಿಗೆ ಮುಟ್ಟುವುದು, ಎರೆಮಣ್ಣು ಸವುಳಾದರೆ ಕಬ್ಬು ಎಲ್ಲಿಯವರೆಗೆ ನಿಲ್ಲುವುದು ಎಂಬ ಪ್ರಶ್ನೆಗಳು ನಾಳೆ ಅವರ ಪಾಲಿಗೇ ಬರುವುವು. ಅವನ್ನು ಬಿಡಿಸಬೇಕಾದವರು ಒಮ್ಮೆಯಾದರೂ ಆ ಕಾಡಿನಲ್ಲಿ ಮಲಗಿ, ಆ ನೀರಿನ ಮೂಲವನ್ನು ಕಣ್ಣಾರೆ ಕಂಡವರಾಗಿರಬೇಕು. ಆದುದರಿಂದ ವರ್ಷದ ಸಹಲಿನ ಮಾತು ಎದ್ದಾಗ ಶಾಲೆಯ ಮುಖ್ಯರು ಸ್ಥಳಗಳ ಪಟ್ಟಿಯನ್ನು ಮೊಟಕುಮಾಡಿ ದಿನಗಳನ್ನು ಹಿಗ್ಗಿಸಲಿ. ಹನ್ನೆರಡು ಊರುಗಳಿಗೆ ಬದಲಾಗಿ ಒಂದು ಹೊಳೆಯನ್ನು ಆರಿಸಲಿ, ಆ ಹೊಳೆಯ ಬಳಿ ಎರಡು ರಾತ್ರಿ ಇರಲಿ, ಮರಳಿ ಬಂದ ಮೇಲೆ ವರ್ಷವಿಡೀ ತಮ್ಮ ಊರಿನ ನೀರನ್ನು ಅಳೆದು ಬರೆಯುವ ಅಭ್ಯಾಸವನ್ನು ಶಾಲೆಯಲ್ಲಿ ಬೇರೂರಿಸಲಿ. ಆ ವಹಿಯು ತುಂಬುತ್ತ ಹೋದಂತೆ ನಮ್ಮ ಹಳ್ಳಿಗಳು ತಮ್ಮ ನದಿಯ ವಿಷಯದಲ್ಲಿ ಪರರ ಮಾತನ್ನು ನಂಬಿ ಕೂರದೆ, ತಾವೇ ತಿಳಿದು ಮಾತನಾಡುವ ಶಕ್ತಿಯನ್ನು ಪಡೆಯುವುವು.